ಕಿಟಕಿಗೆ ಬಂದ ಪೊರೆ

ನನ್ನ ಎಕ್ಸೆಲ್ ಗಾಡಿಯ ಕೀ ಹೋಗಿ ನನ್ನ ಮಗನ ಉಡಿದಾರ ಸೇರಿದ್ದು ಒಂದು ಮಂಜಿನ ದೆಸೆಯಿಂದ. ಆ ಮಂಜು ಊರಲ್ಲಿ ಇರಲಿಲ್ಲ, ಹೊಳೆಯ ಮೇಲೂ ಇರಲಿಲ್ಲ. ನನ್ನ ಕೋಣೆಯ ಕಿಟಕಿಯಲ್ಲಿ ಮಾತ್ರ ಇತ್ತು.

ನಮ್ಮ ಮನೆ ಕೊಣನೂರಿನಿಂದ ರಾಮನಾಥಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿದೆ. ಎದುರಿಗೇ ಕಲ್ಯಾಣ ಮಂಟಪ. ಲಗ್ನದ ದಿನಗಳಲ್ಲಿ ಬ್ಯಾಂಡ್‌ಸೆಟ್ಟು, ಹೊಗೆಸೊಪ್ಪಿನ ಹರಾಜಿನ ಕಾಲದಲ್ಲಿ ಲಾರಿ. ಎರಡೂ ಇಲ್ಲದ ದಿನ ಮಂಟಪದವರು ಮೈಕು ಸರಿಯಾಗಿದೆಯೇ ಎಂದು ಹಲೋ ಹಲೋ ಅನ್ನುತ್ತಿರುತ್ತಾರೆ. ಹಾಗಾಗಿ ನನ್ನ ಮಗ ಕಾಂತರಾಜು ನನಗೆಂದು ರಸ್ತೆ ಬದಿಗೆ ಕೋಣೆ ಕಟ್ಟಿಸಿದಾಗ, ಹಾಸನದಿಂದ ಎರಡು ಗಾಜಿನ ಕಿಟಕಿ ತಂದು ಕೂರಿಸಿದ.

"ಎರಡು ಗಾಜು ಕಣವ್ವ. ಮಧ್ಯೆ ಗಾಳಿ, ಸುತ್ತ ಸೀಲು. ಆಚೆ ಪಟಾಕಿ ಒಡುದ್ರೂ ನಿಂಗೆ ಗೊತ್ತಾಗಕ್ಕಿಲ್ಲ. ಹತ್ತು ವರ್ಷ ವಾರಂಟಿ."

"ಅಂಗಾದ್ರೆ ಊಟಕ್ಕೆ ಕರುದ್ರೆ ಎಂಗ್ಲಾ ಕೇಳ್ಸದು ನಂಗೆ?"

"ಊಟಕ್ಕೆ ನಿನ್ನ ಕರೀಬೇಕಾ? ನೀನೇ ಮೊದ್ಲು ಬಂದ್ ಕೂತಿರ್ತೀಯ."

ಮನೆಗೆ ಬಂದವರಿಗೆಲ್ಲ ಅವನು ಕಾಫಿಗಿಂತ ಮೊದಲು ಕಿಟಕಿ ತೋರಿಸಿದ. ಯುಗಾದಿ ಬಂದಾಗ ಬಾಗಿಲಿಗೆ ಕಟ್ಟುವ ಮಾವಿನೆಲೆ ತೋರಣವನ್ನು ಕಿಟಕಿಗೂ ಕಟ್ಟಿದ. ಮನೆಯಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದಕ್ಕೆ ತೋರಣವಿಲ್ಲದಿದ್ದರೆ ಹೇಗೆ ಎಂದು ಅವನ ವಾದ. ಎಲೆ ಪೋಣಿಸಿಕೊಟ್ಟವಳು ನಾನೇ. ತೋರಣ ಒಣಗಿ ಹಪ್ಪಳವಾದರೂ ನಮ್ಮಲ್ಲಿ ಮುಂದಿನ ಯುಗಾದಿಯ ತನಕ ಅದನ್ನು ಯಾರೂ ಬಿಚ್ಚುವುದಿಲ್ಲ. ಅದೂ ಅಲ್ಲಿಯೇ ಇತ್ತು.

ಬೆಳಗ್ಗೆ ಡೈರಿಗೆ ಹಾಲು ಹಾಕಿ ಬರುವುದು ನನ್ನ ಕೆಲಸ. ಗಾಡಿ ನನ್ನದು. ನನಗೆ ಓದು ಬರಹ ಕಲಿಸಿದ ರಾತ್ರಿ ಶಾಲೆಯ ಮೇಷ್ಟ್ರು, ಪಾಠ ಮುಗಿದ ಮೇಲೆ ಬಯಲಿನಲ್ಲಿ ತಮ್ಮ ಗಾಡಿ ಕೊಟ್ಟು ಅದನ್ನೂ ಕಲಿಸಿದ್ದರು. ಒತ್ತಕ್ಷರಕ್ಕಿಂತ ಬ್ರೇಕು ನನಗೆ ಬೇಗ ಬಂತು. ಹಾಲು ಹಾಕಿದ ಮೇಲೆ ಕ್ಯಾನು ಖಾಲಿ, ಗಾಡಿ ಹಗುರ, ನಾನೂ ಹಗುರ. ರಾಮನಾಥಪುರದ ಹೊಳೆ ದಂಡೆಯ ತನಕ ಸುಮ್ಮನೆ ಹೋಗಿ ಮೀನು ನೋಡಿಕೊಂಡು ಬರುತ್ತಿದ್ದೆ. ಡೈರಿಯಲ್ಲಿ ಸಾಲು ಜಾಸ್ತಿ ಇತ್ತು ಎಂದು ಮನೆಯಲ್ಲಿ ಹೇಳುತ್ತಿದ್ದೆ. ನನ್ನ ಸೊಸೆ ಸೌಜನ್ಯ ಒಳ್ಳೆಯವಳು, ನಂಬುತ್ತಿದ್ದಳು.

ಧನುರ್ಮಾಸದ ಒಂದು ಬೆಳಗ್ಗೆ ಎದ್ದು ನೋಡುತ್ತೇನೆ, ಕಿಟಕಿಯಾಚೆ ರಸ್ತೆಯೂ ಇಲ್ಲ, ಮಂಟಪವೂ ಇಲ್ಲ. ಬರೀ ಬಿಳಿ. ಇಂಥ ಮಂಜಿನಲ್ಲಿ ಗಾಡಿ ಓಡಿಸಬಾರದು ಎಂದು ಹಾಲಿನ ಕ್ಯಾನು ಪಕ್ಕಕ್ಕಿಟ್ಟುಕೊಂಡು ಕೂತೆ. ತಾಳ್ಮೆಗೆ ನನ್ನಲ್ಲಿ ಬರ ಇಲ್ಲ.

"ಅತ್ತೆ, ಯಾಕಿಂಗೆ ಕೂತಿದೀರಾ? ಡೈರಿ ಮುಚ್ಚೋ ಒತ್ತಾಯ್ತು!" ಸೌಜನ್ಯ ಕೊಟ್ಟಿಗೆಯಿಂದ ಬಂದವಳು ಕೇಳಿದಳು.

"ಮಂಜು ಇಳೀಲಿ ತಡಿಯವ್ವ."

"ಯಾವ ಮಂಜು ಅತ್ತೆ?"

ಅವಳು ಬಾಗಿಲು ತೆಗೆದಳು. ಹೊರಗೆ ಬಿಸಿಲು ಫಳಫಳ ಎನ್ನುತ್ತಿತ್ತು. ಪಕ್ಕದ ಮನೆಯ ಬೆಟ್ಟಮ್ಮ ರಸ್ತೆಯಲ್ಲಿ ರಾಗಿ ಹರಡುತ್ತಿದ್ದಳು. ಕಾಂತರಾಜು ಕಣ್ಣುಜ್ಜಿಕೊಂಡು ಎದ್ದು ಬರುವ ಹೊತ್ತಿಗೆ ಸೂರ್ಯ ನಮ್ಮ ತೆಂಗಿನಮರ ದಾಟಿ ನನ್ನ ಕಿಟಕಿಗೆ ಬಿದ್ದಿದ್ದ. ಗಾಜು ತೊಳೆದಿಟ್ಟ ಲೋಟದ ಹಾಗೆ ಸ್ವಚ್ಛವಾಗಿತ್ತು. ಬೆಟ್ಟಮ್ಮನೂ ರಾಗಿ ಬಿಟ್ಟು ಒಳಗೆ ಬಂದಿದ್ದಳು. ಮೂವರೂ ಕಿಟಕಿ ನೋಡಿ ಆಮೇಲೆ ನನ್ನ ಮುಖ ನೋಡಿದರು.

"ಅವ್ವಾ," ಎಂದ ಕಾಂತರಾಜು, ಮೆತ್ತಗೆ, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ. "ಪೊರೆ ವಾಪಸ್ ಬಂದೈತೆ."

ಹಿಂದಿನ ವರ್ಷ ತಾನೆ ಹಾಸನದಲ್ಲಿ ನನ್ನ ಎರಡೂ ಕಣ್ಣಿನ ಪೊರೆ ತೆಗೆಸಿದ್ದರು.

ಅವತ್ತೇ ಕೀ ಹೋಯಿತು. ಬೀರುವಿನಲ್ಲಿಟ್ಟರೆ ನಾನು ಹುಡುಕುತ್ತೇನೆ, ದೇವರ ಗೂಡಿನಲ್ಲಿಟ್ಟರೂ ಹುಡುಕುತ್ತೇನೆ ಎಂದು ಅವನಿಗೆ ಗೊತ್ತು. ತಾಯತ ಕಟ್ಟುವ ಹಾಗೆ ತನ್ನ ಉಡಿದಾರಕ್ಕೇ ಗಂಟು ಹಾಕಿಕೊಂಡುಬಿಟ್ಟ. ಅವನು ನಡೆದಾಡಿದಾಗಲೆಲ್ಲ ಅಂಗಿಯೊಳಗೆ ಕಿಣಿಕಿಣಿ ಅನ್ನುತ್ತಿತ್ತು. ನನ್ನ ಗಾಡಿ ಚಪ್ಪರದ ಕೆಳಗೆ ನಿಂತು ಕೇಳಿಸಿಕೊಳ್ಳುತ್ತಿತ್ತು.

ಹಾಸನದ ಕಣ್ಣಿನ ಡಾಕ್ಟರು ನೋಡಿ, "ಈ ಕಣ್ಣಲ್ಲಿ ನೀವು ಸೂಜಿಗೆ ದಾರ ಪೋಣಿಸಬಹುದು ಅಮ್ಮ" ಎಂದರು. ಬಸ್ಸಿನಲ್ಲಿ ಕಾಂತರಾಜು ಸೌಜನ್ಯಳಿಗೆ, "ವಯಸ್ಸಾದೋರ ಮನಸು ನೋಯಿಸ್‌ಬಾರ್ದು ಅಂತ ಡಾಕ್ಟ್ರು ಅಂಗೇ ಏಳೋದು" ಎಂದು ಪಿಸುಗುಟ್ಟಿದ. ನನ್ನ ಕಿವಿಗೆ ಯಾವ ಆಪರೇಷನ್ನೂ ಆಗಿಲ್ಲ. ಎಲ್ಲ ಕೇಳಿಸಿತು.

ಮಾರನೆಯ ಬೆಳಗ್ಗೆ ಮತ್ತೆ ಮಂಜು. ಒಳಗಿನಿಂದ ಒರೆಸಿದೆ. ಹೋಗಲಿಲ್ಲ. ಹೊರಗೆ ಹೋಗಿ ಸೆರಗಿನಿಂದ ಉಜ್ಜಿದೆ. ಹೋಗಲಿಲ್ಲ. ನನಗೊಂದು ಚಾಳಿಯಿದೆ. ಬಚ್ಚಲಮನೆಯ ಗಾಜಿಗೆ ಹಬೆ ಕಟ್ಟಿದರೆ ಬೆರಳಲ್ಲಿ ನನ್ನ ಹೆಸರು ಬರೆಯುತ್ತೇನೆ, ರಾತ್ರಿ ಶಾಲೆಯ ಕಾಲದಿಂದಲೂ. ಇಲ್ಲೂ ಬರೆಯಲು ಹೋದೆ. 'ಕಾ' ಬರೆದರೆ 'ಕಾ' ಇಲ್ಲ, 'ಮಾ' ಬರೆದರೆ 'ಮಾ' ಇಲ್ಲ. ಬೆರಳು ಮಾತ್ರ ಕೀಚ್ ಎಂದಿತು. ಹೊರಗಿನಿಂದ ಬರೆದೆ, ಅಲ್ಲೂ ಇಲ್ಲ. ಮಂಜು ಈಚೆಗೂ ಇಲ್ಲ, ಆಚೆಗೂ ಇಲ್ಲ ಎಂದಮೇಲೆ ಇನ್ನೆಲ್ಲಿರುತ್ತದೆ?

"ಕಾಂತಾ, ಪೊರೆ ಬಂದಿರೋದು ನಂಗಲ್ಲ ಕಣ್ಲಾ, ಕಿಟಕಿಗೆ! ಎರಡು ಗಾಜಿನ ಮಧ್ಯೆ ಕೂತೈತೆ."

"ಮಧ್ಯಕ್ಕೆ ಮಂಜು ಎಂಗವ್ವಾ ಓಯ್ತದೆ? ಟಿಕೀಟ್ ತಗೊಂಡಾ?"

"ನೀನು ಒಂದಿನ ಬಿಸಿಲಿಗೆ ಮುಂಚೆ ಎದ್ದು ನೋಡ್ಲಾ."

"ನಾನ್ಯಾಕೆ ಎದ್ದೇಳ್ಳಿ? ಹತ್ತು ವರ್ಷ ವಾರಂಟಿ ಇರೋ ಕಿಟಕಿ ಅದು. ನಿನ್ ಕಣ್ಣಿಗೆ ಐತಾ ವಾರಂಟಿ?"

ಒಂದು ಲೋಟ ಸಕ್ಕರೆ ಕೇಳಲು ಬಂದಿದ್ದ ಬೆಟ್ಟಮ್ಮ ಸಕ್ಕರೆ ಮರೆತು ಬಾಗಿಲಲ್ಲೇ ಕೂತಳು. ಅವಳಿದ್ದಾಳೆ ಎಂದು ಕಾಂತರಾಜು ಇನ್ನೂ ಗತ್ತು ಮಾಡಿದ.

"ಬೆಟ್ಟಮ್ಮತ್ತೆ, ನೀನೇ ಸಾಕ್ಷಿ. ಕಿಟಕಿ ಕೆಟ್ಟಿದ್ರೆ ಕೀ ಅವ್ವಂದು. ಕೆಟ್ಟಿಲ್ದಿದ್ರೆ ಗಾಡಿ ಮಾರ್ಬುಡ್ತೀನಿ. ಆಮ್ಯಾಕೆ ಮಾತಿಲ್ಲ."

"ಮಾತಿಲ್ಲ," ಎಂದೆ ನಾನು. ಎದೆಯೊಳಗೆ ಮಾತ್ರ ಗಾಡಿ ಸ್ಟಾರ್ಟಾದ ಹಾಗೆ ಡಬಡಬ ಎನ್ನುತ್ತಿತ್ತು.

ಅವನು ಹೊಲಕ್ಕೆ ಹೋದ ಮೇಲೆ ಬೀರುವಿನಿಂದ ವಾರಂಟಿ ಕಾರ್ಡು ತೆಗೆದೆ. ಒಂದು ಬದಿ ಇಂಗ್ಲಿಷು, ಇನ್ನೊಂದು ಬದಿ ಕನ್ನಡ. ಒಂದೊಂದೇ ಅಕ್ಷರ ಹಿಡಿದು ಓದಿದೆ. ಗಾಜಿನ ಹೊರಮೈಗೆ ತೇವ ಕಟ್ಟಿದರೆ ಅದು ಹವೆಯ ಗುಣ, ವಾರಂಟಿ ಇಲ್ಲ. ಎರಡು ಗಾಜಿನ ನಡುವೆ ಕಟ್ಟಿದರೆ ಸೀಲು ಬಿಟ್ಟಿದೆ ಎಂದರ್ಥ, ವಾರಂಟಿ ಉಂಟು. ಓದಿ ಒಂದು ಸಲ ಕುಣಿಯಬೇಕೆನ್ನಿಸಿತು, ಮಂಡಿ ಬೇಡ ಎಂದಿತು. ಕೊನೆಯಲ್ಲಿ ಸಣ್ಣಕ್ಷರದ ಸಾಲುಗಳು ಇನ್ನಷ್ಟು ಇದ್ದವು. ಅಷ್ಟರಲ್ಲಿ ಹಸು ಹಗ್ಗ ಬಿಚ್ಚಿಕೊಂಡು ಬೆಟ್ಟಮ್ಮನ ರಾಗಿಗೆ ಬಾಯಿ ಹಾಕಿತು. ಕಾರ್ಡು ಮಡಚಿಟ್ಟು, ಹಸು ಕಟ್ಟಿ ಬಂದು, ಅದರಲ್ಲಿದ್ದ ನಂಬರಿಗೆ ಫೋನು ಮಾಡಿದೆ.

ಕಂಪನಿಯಿಂದ ಬಂದವನು ಧರ್ಮೇಂದ್ರ ಎಂಬ ಹುಡುಗ. ಚನ್ನರಾಯಪಟ್ಟಣದ ಕಡೆಯವನಂತೆ. ದೊಡ್ಡ ಚೀಲ, ದೊಡ್ಡ ನಗು. ಎಲ್ಲ ಸರಿ, ಆದರೆ ಬಂದದ್ದು ನಡು ಮಧ್ಯಾಹ್ನ. ಕಿಟಕಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಂಟಪದ ಗೋಡೆಯ ಮೇಲಿನ ಓತಿಕ್ಯಾತವೂ ಕಾಣುತ್ತಿತ್ತು.

"ಎಲ್ಲಿ ಅಜ್ಜಿ, ಮಂಜು?"

"ಬೆಳಗ್ಗೆ ಇತ್ತಪ್ಪ."

"ಬೆಳಗ್ಗೆ ಇತ್ತಂತೆ!" ಕಾಂತರಾಜು ಅಂಗಿಯ ಮೇಲಿನಿಂದಲೇ ಕೀ ಸವರಿಕೊಂಡ. "ಸಾ, ನಿಮಗೆ ತೊಂದ್ರೆ ಕೊಟ್ಟೋ. ಕೂತ್ಕಳಿ, ಮಜ್ಜಿಗೆ ಕುಡೀರಿ. ಸಂತೆ ದಿನ ಗಾಡಿ ತಗಳೋರು ಯಾರಾರ ಸಿಕ್ಕಾರು."

ಬೆಟ್ಟಮ್ಮ ಬಾಗಿಲಿಂದಲೇ ಲೊಚಗುಟ್ಟಿದಳು. ಗಾಡಿ ಮಾರುವ ಮಾತು ಕೇಳಿ ನಾನು ಗಾಜಿಗೆ ಕೈಯಿಟ್ಟು ನೋಡಿದೆ, ಬಿಸಿಯಾಗಿತ್ತು. ಬಿಸಿಲಿಗೆ ಹೋಗುವ ಮಂಜು ತಣ್ಣಗಾದರೆ ಬರಬೇಕಲ್ಲವೇ ಎಂದು ಅನ್ನಿಸಿದ್ದು ಆಗ.

"ಸೌಜನ್ಯಾ, ಫ್ರಿಜ್ಜಲ್ಲಿ ಐಸ್ ಐತಾ?"

"ಇಲ್ಲ ಅತ್ತೆ, ಟ್ರೇ ಒಡೆದೋಯ್ತಲ್ಲ."

"ಮೇಲಿನ ಗೂಡಲ್ಲಿ ಕಲ್ಲಂಗಾಗಿರೋದು ಏನಾರ ಐತಾ?"

 ಏನಿದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಹಿದುಕಿದ ಅವರೆಕಾಳು. ಸೌಜನ್ಯ ಸೀಸನ್ ಶುರುವಾದಾಗಲೇ ಕೂತು ಬೆರಳು ಕೆಂಪಾಗುವವರೆಗೆ ಒಂದೊಂದೇ ಕಾಳಿನ ಸಿಪ್ಪೆ ಹಿದುಕಿ, ತವರಿನವರು ಬಂದಾಗ ಸಾರು ಮಾಡಲೆಂದು ಕಟ್ಟಿಟ್ಟಿದ್ದಳು. ಅದರ ಮೇಲೆ ಕಾಂತರಾಜುವಿನ ಕಣ್ಣೂ ಬೀಳಲು ಬಿಟ್ಟಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ಚಪ್ಪರದ ಕೆಳಗಿದ್ದ ಗಾಡಿ ನೋಡಿದಳು, ಸರಸರ ಒಳಗೆ ಹೋಗಿ ಕಲ್ಲಿನಂಥ ಪ್ಯಾಕೆಟ್ಟು ತಂದು ನನ್ನ ಕೈಲಿಟ್ಟಳು.

"ಬೇಗ ವಾಪಸ್ ಕೊಡಿ ಅತ್ತೆ."

ನಾನು ಅವರೆಕಾಳನ್ನು ಗಾಜಿಗೆ ಒತ್ತಿ ಹಿಡಿದು ನಿಂತೆ. ಕಾಂತರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡಿ ಸಾ, ಕಿಟಕಿಗೆ ಜ್ವರ ಬಂದೈತೆ, ತಣ್ಣೀರು ಪಟ್ಟಿ ಆಕ್ತಾವ್ಳೆ!" ಧರ್ಮೇಂದ್ರನೂ ನಕ್ಕ. ಬೆಟ್ಟಮ್ಮ ನಕ್ಕಳು. ನನಗೂ ನಗು ಬಂತು, ಆದರೆ ಕೈ ತೆಗೆಯಲಿಲ್ಲ. ಕೈ ಮರಗಟ್ಟಿತು, ಇನ್ನೊಂದು ಕೈಗೆ ಬದಲಾಯಿಸಿದೆ. ಅವರ ನಗು ಮುಗಿಯುವ ತನಕ ಹಿಡಿದೆ. ಆಮೇಲೆ ಪ್ಯಾಕೆಟ್ಟು ತೆಗೆದೆ.

ಗಾಜಿನ ನಡುವೆ ಒಂದು ರಾಗಿರೊಟ್ಟಿಯಗಲ ಬೆಳ್ಳಗೆ ಮಂಜು ಕೂತಿತ್ತು.

ಧರ್ಮೇಂದ್ರನ ನಗು ನಿಂತಿತು. ಎದ್ದು ಬಂದು ಕರವಸ್ತ್ರದಲ್ಲಿ ಒರೆಸಿದ. ಮೇಲಿನ ತೇವ ಹೋಯಿತು, ರೊಟ್ಟಿ ಹೋಗಲಿಲ್ಲ. ಓಡಿ ಹೊರಗೆ ಹೋಗಿ ಆ ಬದಿಯಿಂದ ಉಜ್ಜಿದ. ಹೋಗಲಿಲ್ಲ. ಗಾಜಿನಾಚೆಯಿಂದ ಏನೋ ಕೂಗಿದ. ಎರಡು ಗಾಜಿನ ಕಿಟಕಿ, ಏನೂ ಕೇಳಿಸಲಿಲ್ಲ. ಮತ್ತೆ ಒಳಗೆ ಓಡಿ ಬಂದು ಹೇಳಿದ:

"ಸೀಲ್ ಹೋಗಿದೆ! ಅಜ್ಜಿ ಹೇಳಿದ್ದೇ ಕರೆಕ್ಟು, ಗಾಜಿನ ಮಧ್ಯೆನೇ ಇದೆ. ಹೊಸ ಗಾಜು ಹಾಕಿಕೊಡ್ತೀವಿ ಅಣ್ಣ, ವಾರಂಟಿಲಿ ಫ್ರೀ."

ಫ್ರೀ ಎಂಬುದು ಕಿವಿಗೆ ಬಿದ್ದದ್ದೇ ತಡ, ಕಾಂತರಾಜು ನನ್ನ ಪಕ್ಷಕ್ಕೆ ಬಂದುಬಿಟ್ಟ. "ನಾನೂ ಅದೇ ಅನ್ಕಂಡೆ ಕಣಿ! ನಮ್ಮವ್ವನ ಕಣ್ಣು ಅಂದ್ರೆ ಏನು ಸುಮ್ನೇನಾ? ಅದ್ದಿನ ಕಣ್ಣು!"

ಕಾಳು ಕರಗತೊಡಗಿದ್ದರಿಂದ ಅವತ್ತೇ ಸಾರು ಮಾಡಬೇಕಾಯಿತು. ಹಿದುಕವರೆ ಸಾರಿನ ವಾಸನೆ ಎದ್ದ ಮೇಲೆ ಯಾರು ತಾನೆ ಮನೆ ಬಿಟ್ಟು ಹೋಗುತ್ತಾರೆ? ಧರ್ಮೇಂದ್ರ, "ಬೇಡಿ ಅಕ್ಕ, ಬಸ್ಸಿಗೆ ಹೊತ್ತಾಗ್ತದೆ, ಹಾಸನಕ್ಕೆ ನೇರ ಬಸ್ಸು ಆಮೇಲೆ ಕತ್ತಲಾಗೋವರೆಗೂ ಇಲ್ಲ" ಎನ್ನುತ್ತಲೇ ಕೂತ, ಬೇಡ ಎನ್ನುತ್ತಲೇ ಎರಡನೆಯ ಮುದ್ದೆ ಮುರಿದ. ಬೆಟ್ಟಮ್ಮ ಯಾರೂ ಕರೆಯದೆಯೇ ತಟ್ಟೆ ತಂದಿದ್ದಳು. ಕಾಂತರಾಜು ಉಂಡು ಕೈ ತೊಳೆದವನು ಹೊಟ್ಟೆಯ ಮೇಲೆ ಕೈಯಾಡಿಸಿದ. ಒಳಗೆ ಕೀ ಕಿಣಿ ಎಂದಿತು.

"ಕೊಡ್ಲಾ," ಎಂದೆ.

"ಕೊಡ್ತೀನಿ ತಡಿಯವ್ವ, ಗಾಜಿನ ಅಳತೆ ಆಗ್ಲಿ."

ಧರ್ಮೇಂದ್ರ ಸ್ಟೂಲು ಹತ್ತಿದ. ಗಾಜನ್ನು ಹಿಡಿದಿಡುವ ಪಟ್ಟಿಯನ್ನು ಬಿಚ್ಚಲು ಒಣಗಿದ ತೋರಣವನ್ನು ಪಕ್ಕಕ್ಕೆ ಸರಿಸಿದ. ಎಲೆಗಳು ಪರಪರ ಎಂದು ಅವನ ತಲೆಯ ಮೇಲೆ ಉದುರಿದವು. ಎಲೆಯ ಹಿಂದೆ ಒಂದು ಮೊಳೆ ಕಾಣಿಸಿತು. ಚೌಕಟ್ಟಿಗೂ ಗಾಜಿಗೂ ನಡುವಿನ ಸಂದಿಯಲ್ಲಿ ನೆಟ್ಟಗೆ ಇಳಿದಿತ್ತು. ಯುಗಾದಿಯ ದಿನ ಅದನ್ನು ಹೊಡೆಯುವಾಗ ಕಾಂತರಾಜು ಬಾಯಲ್ಲಿ ಇನ್ನೆರಡು ಮೊಳೆ ಕಚ್ಚಿಕೊಂಡು ಹಾಡುತ್ತಿದ್ದದ್ದು ನನಗೆ ನೆನಪಾಯಿತು.

"ಅಣ್ಣಾ," ಎಂದ ಧರ್ಮೇಂದ್ರ ಸ್ಟೂಲಿನ ಮೇಲಿನಿಂದ, "ಇದು ಹೋಗಿ ಸೀಲಿಗೇ ಚುಚ್ಚಿದೆ. ಇದನ್ನ ಯಾರು ಹೊಡೆದಿದ್ದು?"

 ಕಾಂತರಾಜು ತಾರಸಿ ನೋಡಿದ.

"ಕಾರ್ಡಲ್ಲಿ ಕೊನೇಲಿ ಬರೆದಿದೆಯಲ್ಲ. ಮೊಳೆ, ಸ್ಕ್ರೂ ಹೊಡೆದರೆ ವಾರಂಟಿ ಬರಲ್ಲ ಅಂತ."

ಹಸು ಓದಗೊಡದ ಸಾಲು ಅದೇ ಇರಬೇಕು.

"ಅಬ್ಬದ ತೋರಣ ಸಾ ಅದು! ದೇವರ ಕೆಲ್ಸಕ್ಕೆ ಒಡೆದ ಮೊಳೆಗೂ ವಾರಂಟಿ ಇಲ್ವಾ?"

"ದೇವರ ಕೆಲಸದ ಕಾಲಮ್ಮು ಇಲ್ಲ ಅಣ್ಣ."

ಕಾಂತರಾಜು ಮಂಚದ ಮೇಲೆ ಕುಸಿದು ಕೂತ. ಕೂತವನು ಯೋಚಿಸಿದ. ನನ್ನ ಮಗ ಯೋಚಿಸಿದರೆ ನನಗೆ ಭಯ. ಅವನು ಹುಬ್ಬು ಏರಿಸಿದ. "ಅಂಗಾದ್ರೆ ಸಾ, ನಿಮ್ಮ ಲೆಕ್ಕದಲ್ಲಿ ಕಿಟಕಿದೇನೂ ತಪ್ಪಿಲ್ಲ?"

"ಕಿಟಕಿ ತಪ್ಪಿಲ್ಲ. ಮೊಳೆ ತಪ್ಪು."

"ಕೇಳುಸ್ಕಂಡೇನವ್ವಾ? ಕಿಟಕಿ ಕೆಟ್ಟಿದ್ರೆ ಕೀ ನಿಂದು ಅಂದಿದ್ದೆ. ಕಿಟಕಿ ಕೆಟ್ಟಿಲ್ವಂತೆ. ಮೊಳೆ ಕೆಡಿಸಿದ್ದಂತೆ. ಕೀ ನಿನಗೆ ಬರಕ್ಕಿಲ್ಲ!"

"ಲೇ ಕಾಂತಾ!" ಬೆಟ್ಟಮ್ಮ ತಟ್ಟೆ ಕೆಳಗಿಟ್ಟಳು. "ನೀನೂ ಕಂಪನಿ ಆಗ್ಬುಟ್ಯೇನ್ಲಾ?"

"ಅವರ ಮಾತು ಅವರು ಉಳುಸ್ಕಂಡ್ರು, ನನ್ ಮಾತು ನಾನು ಉಳುಸ್ಕತೀನಿ."

ಸೌಜನ್ಯ ಸೊಂಟಕ್ಕೆ ಕೈಯಿಟ್ಟಳು. "ನನ್ ಅವರೆಕಾಳು ಮೂವರು ಸೇರಿ ತಿಂದ್ರಲ್ಲ, ಅದಕ್ಯಾವ ವಾರಂಟಿ ರೀ?"

ಎಲ್ಲರೂ ಒಟ್ಟಿಗೆ ಕೂಗಾಡತೊಡಗಿದರು. ನಾನು ಧರ್ಮೇಂದ್ರ ಕಿತ್ತುಕೊಟ್ಟ ಮೊಳೆಯನ್ನು ಅಂಗೈಲಿಟ್ಟುಕೊಂಡು ಕೂತಿದ್ದೆ. ಕೂಗಾಟ ಒಂದು ಉಸಿರು ತೆಗೆದುಕೊಳ್ಳಲು ನಿಂತಾಗ ಕೇಳಿದೆ:

"ಕಾಂತಾ, ಮಂಜು ಇತ್ತೋ ಇಲ್ವೋ?"

"ಇತ್ತು."

"ನಾನು ಕಂಡಿದ್ದು ಅದ್ನೇ ತಾನೆ?"

"ಹೂಂ."

"ಅಂಗಾದ್ರೆ ಮೊಳೆ ನಿಂದು, ಮಂಜು ಗಾಜಿಂದು. ಇದ್ರಲ್ಲಿ ನನ್ ಕಣ್ಣಿಂದು ಏನ್ಲಾ ಐತೆ?"

ಅವನು ಬಾಯಿ ತೆರೆದ. ಅದೇ ಹೊತ್ತಿಗೆ ಧರ್ಮೇಂದ್ರ ಗಡಿಯಾರ ನೋಡಿಕೊಂಡು ಕಿಟಾರನೆ ಕಿರುಚಿದ. "ಅಯ್ಯೋ, ನನ್ನ ಬಸ್ಸು!"

ಕಾಂತರಾಜು ಓಡಿ ಹೋಗಿ ತನ್ನ ಬೈಕಿಗೆ ಒದ್ದ. ಬೈಕು ಗೊರಗೊರ ಎಂದು ಮಲಗಿತು. ಮತ್ತೆ ಒದ್ದ. ಕೆಮ್ಮಿತು. ಬೈಕನ್ನು ಓರೆ ಮಾಡಿ ಅಲ್ಲಾಡಿಸಿದ. ಒಳಗೆ ಪೆಟ್ರೋಲಿನ ಸದ್ದೇ ಇಲ್ಲ. ಅಂಗಳದಲ್ಲಿ ನಾವೆಲ್ಲ ನಿಂತು ಚಪ್ಪರದ ಕೆಳಗೆ ನೋಡಿದೆವು. ನನ್ನ ಎಕ್ಸೆಲ್ಲು ಸಭ್ಯವಾಗಿ ನಿಂತಿತ್ತು.

"ನೀನೇ ಓಡ್ಸಿ ಬಿಟ್ಬಾ," ಎಂದಳು ಸೌಜನ್ಯ ಗಂಡನಿಗೆ.

"ಗೇರಿಲ್ದಿರೋ ಗಾಡಿ ನಂಗೆ ಬರಕ್ಕಿಲ್ಲ ಕಣೆ. ಹೋದ್ಸಲ ಚರಂಡಿಗೆ ಇಳಿಸಿದ್ದೆ."

ಧರ್ಮೇಂದ್ರ ನನ್ನ ಕಡೆ ತಿರುಗಿದ. "ಅಜ್ಜಿ, ನೀವು ಓಡಿಸ್ತೀರಲ್ಲ?"

"ನೀನು ಕೂರ್ತೀಯೇನಪ್ಪ?"

"ಗಾಜಿನ ಮಧ್ಯದ ಮಂಜು ಕಂಡವರು ನೀವು. ಬಸ್ಸು ಕಾಣಲ್ವಾ? ಕೂರ್ತೀನಿ!"

ಕಾಂತರಾಜು ಅವನನ್ನು ನೋಡಿದ, ನನ್ನನ್ನು ನೋಡಿದ, ಅಂಗಿ ಎತ್ತಿದ. ಗಂಟು ಬಿಚ್ಚಲು ಹೋದರೆ ಬಿಚ್ಚಲೊಲ್ಲದು. ಬೆವರಿಗೆ ಬಿಗಿದು ಕಡಲೆಕಾಳಿನಂತಾಗಿತ್ತು. ಸೌಜನ್ಯ ಉಗುರಿನಿಂದ ಎಳೆದಳು. ಅವನು ಕಚಗುಳಿಯಾಗಿ ಕುಣಿದ. ಬೆಟ್ಟಮ್ಮ ತನ್ನ ಮನೆಗೆ ಓಡಿ ಕುಡುಗೋಲು ಹಿಡಿದು ಬಂದಳು.

"ಬೆಟ್ಟಮ್ಮತ್ತೇ! ದಾರ ಮಾತ್ರ! ದಾರ ಮಾತ್ರ ಕಣತ್ತೇ!"

"ಅಲ್ಲಾಡ್‌ಬ್ಯಾಡ ಕಣ್ಲಾ, ರಾಗಿ ಕುಯ್ದಿರೋ ಕೈ ಇದು!"

ಪಟ್ ಎಂದಿತು. ಉಡಿದಾರದ ತುಂಡಿನ ಸಮೇತ ಕೀ ನನ್ನ ಅಂಗೈಗೆ ಬಿತ್ತು, ಇನ್ನೂ ಬೆಚ್ಚಗಿತ್ತು.

ಸೆರಗು ಸಿಕ್ಕಿಸಿ ಹೆಲ್ಮೆಟ್ಟು ಹಾಕಿಕೊಂಡೆ. ಧರ್ಮೇಂದ್ರ ಹಿಂದೆ ಕೂತು ಚೀಲವನ್ನು ಮಗುವಿನಂತೆ ಅಪ್ಪಿಕೊಂಡ. ಒಂದೇ ಸಲಕ್ಕೆ ಗಾಡಿ ಸ್ಟಾರ್ಟಾಯಿತು. ರಸ್ತೆಯಲ್ಲಿ ಹೋದರೆ ಮಂಟಪದ ಮುಂದೆ ಹೊಗೆಸೊಪ್ಪಿನ ಲಾರಿ ಅಡ್ಡ ನಿಂತಿತ್ತು. ಎಡಕ್ಕೆ ನಾಲೆ ಏರಿಗೆ ತಿರುಗಿಸಿದೆ.

"ಅಜ್ಜೀ, ಇದು ರೋಡಲ್ಲ!"

"ರೋಡಿಗೆ ಓಗೋ ದಾರಿ ಕಣಪ್ಪ!"

ಏರಿಯ ಮೇಲೆ ಗಾಡಿ ಎಗರಿತು, ಇಳಿಯಿತು, ಎಗರಿತು. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಅಡ್ಡ ಬಂದ ಬಾತುಕೋಳಿಗಳು ದಪದಪ ನೀರಿಗೆ ಬಿದ್ದವು. ಹಿಂದಿನಿಂದ ಧರ್ಮೇಂದ್ರ ತನ್ನ ಮನೆದೇವರನ್ನು ಕರೆದ, ಆಮೇಲೆ ಹೆಂಡತಿ ಮಾನಸಾಳನ್ನು ಕರೆದ, ಆಮೇಲೆ ಇಬ್ಬರ ಹೆಸರೂ ಒಂದಾಗಿ ಹೋಯಿತು. ಗಾಳಿ ಹೆಲ್ಮೆಟ್ಟಿನೊಳಗೆ ಹೊಕ್ಕು ಹಾಡು ಹೇಳಿತು. ಎಷ್ಟು ದಿನವಾಗಿತ್ತೋ! ನಾನೂ ಹೋ ಎಂದು ಕೂಗಿದೆ. ಕೂಗಬೇಕೆಂದು ಕೂಗಿದ್ದಲ್ಲ.

ಏರಿ ಇಳಿದು ಅರಕಲಗೂಡು ರಸ್ತೆಗೆ ಬಂದಾಗ ಕೊಣನೂರು ಸರ್ಕಲ್ಲಿನ ಕಡೆ ಎರಡು ಬಸ್ಸು ಕಂಡವು.

"ಅದೇ! ಮುಂದೆ ನಿಂತಿರೋದೇ ನನ್ನ ಬಸ್ಸು! ಅಲ್ಲಿಗೆ ಬಿಡಿ ಅಜ್ಜಿ!"

"ಅದು ಕುಶಾಲನಗರದ ಬೋರ್ಡು ಕಣಪ್ಪ. ಇಂದಿಂದು ಹಾಸನ."

"ಇಷ್ಟು ದೂರದಿಂದ ಬೋರ್ಡು ಕಾಣುತ್ತಾ ನಿಮಗೆ?"

"ನೀನು ಕಣ್ ಬಿಟ್ರೆ ನಿಂಗೂ ಕಾಣ್ತದೆ."

ಹಿಂದಿನ ಬಸ್ಸು ನಮ್ಮ ಕಡೆಗೇ ತಿರುಗಿ ಬಂತು. ನಾನು ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಕೈಯೆತ್ತಿದೆ. ಬಸ್ಸಿನ ನೆತ್ತಿಯ ಮೇಲೆ ಹಾಸನ ಎಂದು ದಪ್ಪಗೆ ಬರೆದಿತ್ತು. ಧರ್ಮೇಂದ್ರ ಇಳಿದು ನೆಲ ಇದೆಯೇ ಎಂದು ಕಾಲಲ್ಲಿ ಮುಟ್ಟಿ ನೋಡಿದ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿದ.

"ಅಜ್ಜಿ, ನಿಮ್ಮ ಕಣ್ಣಿಗೆ ನಾನು ವಾರಂಟಿ! ನಿಮ್ಮ ಡ್ರೈವಿಂಗಿಗೆ ಮಾತ್ರ ಕೇಳಬೇಡಿ!"

ವಾಪಸು ಮನೆಗೆ ಹೋಗುವ ದಾರಿ ಬಲಕ್ಕಿತ್ತು. ನಾನು ಸೀದಾ ರಾಮನಾಥಪುರಕ್ಕೆ ಹೋಗಿ ಹೊಳೆ ನೋಡಿಕೊಂಡು ಬಂದೆ. ಮನೆಗೆ ಬಂದಾಗ ಕಾಂತರಾಜು ಗೇಟಿನಲ್ಲಿ, ಜಾರುವ ಪಂಚೆ ಹಿಡಿದುಕೊಂಡು ನಿಂತಿದ್ದ.

"ಯಾಕವ್ವಾ ಇಷ್ಟೊತ್ತು?"

"ಬಸ್‌ಸ್ಟ್ಯಾಂಡಲ್ಲಿ ಸಾಲು ಜಾಸ್ತಿ ಇತ್ತು ಕಣ್ಲಾ."

ಕೀ ಎಲ್ಲಿ ಎಂದು ಅವನು ಕೇಳಲಿಲ್ಲ.  ಉಡಿದಾರದ ತುಂಡನ್ನು ಮಾತ್ರ ಬಿಚ್ಚಿ ಅವನಿಗೆ ಕೊಟ್ಟೆ.

ಮಾರನೆಯ ಬೆಳಗ್ಗೆ ಹಾಲಿನ ಕ್ಯಾನು ಮುಂದಿಟ್ಟುಕೊಂಡು ಗಾಡಿಯನ್ನು ರಸ್ತೆಗೆ ತಂದಾಗ, ಕಿಟಕಿಯಲ್ಲಿ ಮತ್ತೆ ಬಿಳಿಯ ಮಂಜು ತುಂಬಿತ್ತು. ಅದರ ಹಿಂದೆ ಏನೋ ಅಲ್ಲಾಡುತ್ತಿತ್ತು. ಕಾಂತರಾಜು. ಅವನು ಬಿಸಿಲಿಗಿಂತ ಮೊದಲೇ ಎದ್ದದ್ದನ್ನು ನಾನು ಅವನ ಮದುವೆಯ ದಿನ ಬಿಟ್ಟರೆ ಅವತ್ತೇ ನೋಡಿದ್ದು. ಟವೆಲ್ಲಿನಿಂದ ಗಾಜು ಉಜ್ಜುತ್ತಿದ್ದ. ಮಂಜು ಹೋಗಲಿಲ್ಲ. ಬೆರಳಲ್ಲಿ ಏನೋ ಬರೆದ. ಬರಲಿಲ್ಲ. ಕೊನೆಗೆ, ಮೂಲೆಯಲ್ಲಿ ಮಂಜು ತಲುಪದ ಕಡೆ ಮೂಗು ಒತ್ತಿ, ಒಂದೇ ಕಣ್ಣಲ್ಲಿ ನನ್ನನ್ನು ಹುಡುಕಿದ. ಬಾಯಿ ಅವ್ವಾ ಎಂದಿತು. ಆಮೇಲೆ ಇನ್ನೂ ಏನೇನೋ ಹೇಳಿತು. ನಿಧಾನ ಹೋಗು ಎಂದಿರಬಹುದು.

ಎರಡು ಗಾಜಿನ ಕಿಟಕಿ. ಒಂದಕ್ಷರವೂ ಕೇಳಿಸಲಿಲ್ಲ. ನಾನು ಹಾರನ್ನು ಉದ್ದಕ್ಕೆ ಒತ್ತಿ, ಡೈರಿಯ ಕಡೆ ಹೊರಟೆ.